ಒಪ್ಕೊಂಡ್ರೆ ಮುಗೀತು ಅಂತಾರಲ್ಲ

ರಾತ್ರಿ ಹತ್ತು ದಾಟಿದ ಮೇಲೆ ಫೋನ್ ಬಂದರೆ ನಮ್ಮ ಮನೆಯಲ್ಲಿ ಯಾರೂ ಥಟ್ಟನೆ ಎತ್ತುವುದಿಲ್ಲ. ಊರಲ್ಲಿ ವಯಸ್ಸಾದವರಿದ್ದಾರೆ. ಒಂದು ಕ್ಷಣ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತೇವೆ. ಆವತ್ತು ಫೋನಿನಲ್ಲಿ ಕಂಡದ್ದು ಚಿಕ್ಕಪ್ಪನ ಮಗನ ಹೆಸರು. ನಾವೆಲ್ಲ ಅವನನ್ನು ಪುಟ್ಟ ಅಂತಲೇ ಕರೆಯುವುದು. ಪುಟ್ಟನಿಗೆ ಈಗ ಮೂವತ್ತನಾಲ್ಕು. "ಅಣ್ಣ, ಮಲಗಿದ್ಯಾ?" ಅಂದ. ದನಿ ಚಿಕ್ಕದಾಗಿತ್ತು. "ಗಾಡಿ ಹಿಡ್ಕೊಂಡಿದಾರೆ. ಊದಿಸಿದ್ರು."

ಚನ್ನಪಟ್ಟಣದ ಹತ್ತಿರ ಗೆಳೆಯನ ಬೀಗರೂಟಕ್ಕೆ ಹೋಗಿದ್ದ. ಬೀಗರೂಟದಲ್ಲಿ ಏನೇನಿರುತ್ತೆ ಅಂತ ಮಂಡ್ಯ, ರಾಮನಗರ ಕಡೆಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಶಾಮಿಯಾನದ ಒಳಗೆ ಮುದ್ದೆ, ಮಟನ್, ಬೋಟಿ. ಶಾಮಿಯಾನದ ಹಿಂದೆ ತೆಂಗಿನ ತೋಟದಲ್ಲಿ ಗಂಡಸರದ್ದೇ ಬೇರೆ ಪಂಕ್ತಿ. ಇವನು ನಾಲ್ಕು ಗಂಟೆಗೇ ಸಾಕು ಅಂತ ನಿಲ್ಲಿಸಿದ್ದನಂತೆ. ಸಂಜೆ ಹೊರಡುವಾಗ ಮದುಮಗನ ಮಾವ ಅಡ್ಡ ನಿಂತು, "ನಮ್ಮನೆ ಊಟಕ್ಕೆ ಬಂದು ಹಿಂಗೆ ಹೋಗ್ತೀರಾ?" ಅಂತ ಬಲವಂತ ಮಾಡಿದರಂತೆ. ಬೆಂಗಳೂರು ಬಂತು, ಮನೆಗೆ ಇನ್ನು ನಾಲ್ಕೇ ಕಿಲೋಮೀಟರು. ಅಲ್ಲಿ ಬ್ಯಾರಿಕೇಡು. ಮಷೀನು 74 ತೋರಿಸಿತು.

ನಾನು ಆಟೋ ಹಿಡಿದು ಹೋದೆ. ಪೊಲೀಸರು ಒರಟಾಗಿ ಏನೂ ಮಾತಾಡಲಿಲ್ಲ, ಅದನ್ನು ಹೇಳಲೇಬೇಕು. ಕಾರು ಅವರ ಹತ್ತಿರ ಉಳಿಯಿತು. ಕೈಗೆ ಒಂದು ನೋಟಿಸು, ಮಷೀನಿನಿಂದ ಬಂದ ಬಸ್ ಟಿಕೆಟ್‌ನಂಥ ಚೀಟಿ. ಚೀಟಿಗೆ ಪುಟ್ಟನ ಸಹಿಯೂ ಆಗಿತ್ತು. ವಾಪಸ್ ಬರುವಾಗ ಆಟೋದಲ್ಲಿ ಅವನು ಮೂರು ಸಲ ಮದುಮಗನ ಮಾವನನ್ನು ಬೈದ.

ಮಾರನೇ ದಿನ ಮನೆಯಲ್ಲಿ ಸಭೆ ಸೇರಿತು. ದೊಡ್ಡಪ್ಪ, ಸೋದರಮಾವ, ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು, ಎಲ್ಲರದ್ದೂ ಒಂದೇ ಮಾತು. "ಹತ್ತು ಸಾವಿರ ತಾನೇ? ಕೋರ್ಟಿಗೆ ಹೋಗು, ತಪ್ಪಾಯ್ತು ಸ್ವಾಮಿ ಅನ್ನು, ಕಟ್ಟು, ಬಾ. ಒಪ್ಕೊಂಡ್ರೆ ಮುಗೀತು." ಸುಳ್ಯಾಕೆ, ನಾನೂ ಅದನ್ನೇ ಅಂದೆ. ಪುಟ್ಟ ಮಾತ್ರ ಸುಮ್ಮನೆ ಕೂತಿದ್ದ. ಅವನ ಕಂಪನಿಯವರು ಅವನನ್ನು ಅಮೆರಿಕಕ್ಕೆ, ಡೆಟ್ರಾಯಿಟ್ ಕಡೆಗೆ ಕಳಿಸುವ ಮಾತಾಡುತ್ತಿದ್ದರು. "ಮುಗೀತು ಅಂದ್ರೆ ಏನು ಮುಗೀತು ಅಣ್ಣ?" ಅಂತ ಆಮೇಲೆ ಅಡುಗೆಮನೆಯಲ್ಲಿ ಮೆಲ್ಲಗೆ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಬರಹ ಆ ಪ್ರಶ್ನೆಯ ಹಿಂದೆ ಅಲೆದದ್ದರ ಲೆಕ್ಕ.

ಮೂವತ್ತು ಅನ್ನೋ ಗೆರೆ

ಮೊದಲು ಆ 74ರ ವಿಚಾರ. ನಮ್ಮ ಮೋಟಾರು ವಾಹನ ಕಾಯಿದೆ 1988ರದ್ದು. ಅದರ 185ನೇ ಕಲಮು ಹೇಳುವುದಿಷ್ಟು: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಮದ್ಯ ಇದ್ದರೆ ಅಪರಾಧ. ಇದು ಬಿಗಿಯಾದ ಗೆರೆಯೇ. ಇಂಗ್ಲೆಂಡಿನಲ್ಲಿ 80ರ ತನಕ ಬಿಡುತ್ತಾರೆ. ಸ್ಕಾಟ್ಲೆಂಡ್ 2014ರಲ್ಲಿ 50ಕ್ಕೆ ಇಳಿಸಿಕೊಂಡಿತು. ನಮ್ಮದು 30. ಎರಡು ಬಿಯರು ಏನೂ ಮಾಡಲ್ಲ ಅನ್ನುವ ನಮ್ಮ ಗಂಡಸರ ನಂಬಿಕೆ ಈ ಗೆರೆಯ ಮುಂದೆ ನಿಲ್ಲುವುದಿಲ್ಲ.

ಮಷೀನು ರಕ್ತವನ್ನು ನೋಡುವುದೇ ಇಲ್ಲ, ಅದು ನೋಡುವುದು ಉಸಿರನ್ನು. ಒಳಗೊಂದು ಪುಟ್ಟ ಸೆಲ್ ಇರುತ್ತದೆ. ಉಸಿರಿನಲ್ಲಿರುವ ಮದ್ಯದ ಆವಿ ಅದಕ್ಕೆ ತಾಗಿದರೆ ಸಣ್ಣದಾಗಿ ಕರೆಂಟು ಹುಟ್ಟುತ್ತದೆ. ಕರೆಂಟು ಎಷ್ಟು ಅಂತ ನೋಡಿ ರಕ್ತದಲ್ಲಿ ಎಷ್ಟಿರಬಹುದು ಅಂತ ಲೆಕ್ಕ ಹಾಕುತ್ತದೆ. ಗಾಳಿ ಬರುವುದು ಶ್ವಾಸಕೋಶದ ಆಳದಿಂದ. ಹಾಗಾಗಿ ಏಲಕ್ಕಿ, ಸೋಂಪು, ಹಸಿ ಈರುಳ್ಳಿ, ಮಿಠಾ ಪಾನ್, ಯಾವುದೂ ನಡೆಯಲ್ಲ. ಅವು ಪಕ್ಕದಲ್ಲಿ ಕೂತ ಹೆಂಡತಿಯ ಮೂಗಿಗೆ ಮಾಡುವ ಮೋಸ, ಅದೂ ಅರ್ಧಂಬರ್ಧ. ಒಂದು ವಿಷಯ ಮಾತ್ರ ನಿಜ. ಈಗಷ್ಟೇ ಕುಡಿದಿದ್ದರೆ ಬಾಯಲ್ಲೇ ಉಳಿದ ಮದ್ಯದಿಂದ ಅಂಕಿ ಮೇಲೆ ಹೋಗಬಹುದು. ಅದಕ್ಕೇ ಹದಿನೈದು ನಿಮಿಷ ಬಿಟ್ಟು ಊದಿಸುವುದು ಸರಿಯಾದ ಕ್ರಮ.

ಮೈ ಗಂಟೆಗೆ 100 ಮಿಲಿಲೀಟರ್ ರಕ್ತಕ್ಕೆ ಸುಮಾರು 15 ಮಿಲಿಗ್ರಾಂನಷ್ಟು ಕರಗಿಸುತ್ತದೆ. ಒಬ್ಬರಿಂದೊಬ್ಬರಿಗೆ ಹೆಚ್ಚು ಕಮ್ಮಿ ಇರುತ್ತೆ, ಆದರೆ ಸ್ನಾನ ಮಾಡಿದರೆ, ಕಾಫಿ ಕುಡಿದರೆ ಬೇಗ ಕರಗುವುದಿಲ್ಲ. 74ರಿಂದ 30ಕ್ಕೆ ಇಳಿಯಲು ಹೆಚ್ಚುಕಮ್ಮಿ ಮೂರು ಗಂಟೆ. ಪುಟ್ಟ ಅದೇ ತೆಂಗಿನ ತೋಟದಲ್ಲಿ ಚಾಪೆ ಹಾಸಿಕೊಂಡು ನಡುರಾತ್ರಿ ಕಳೆಯುವವರೆಗೆ ಮಲಗಿದ್ದರೆ ಸಾಕಿತ್ತು. ಅಥವಾ ಚನ್ನಪಟ್ಟಣದಿಂದ ಬಸ್ಸು ಹಿಡಿಯಬಹುದಿತ್ತು. ಇಂಥ ಲೆಕ್ಕವೆಲ್ಲ ಆಮೇಲೆ ಚೆನ್ನಾಗಿ ಬರುತ್ತದೆ.

ಇನ್ನು ಶಿಕ್ಷೆ. ಮೊದಲ ಸಲವಾದರೆ ಆರು ತಿಂಗಳವರೆಗೆ ಜೈಲು, ಅಥವಾ 10,000 ದಂಡ, ಅಥವಾ ಎರಡೂ. ಎರಡನೇ ಸಲ ಎರಡು ವರ್ಷದವರೆಗೆ ಜೈಲು, ಅಥವಾ 15,000, ಅಥವಾ ಎರಡೂ. 2019ರ ಸೆಪ್ಟೆಂಬರ್‌ಗಿಂತ ಮುಂಚೆ ದಂಡ ಎರಡು ಸಾವಿರದವರೆಗೆ ಅಷ್ಟೇ ಇತ್ತು. ಆಗ ಇನ್ನೊಂದು ಮಾತೂ ಇತ್ತು: ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ಮಾತ್ರ ಎರಡನೇ ಸಲ ಅಂತ ಲೆಕ್ಕ. ಆ ಮೂರು ವರ್ಷದ ಮಾತನ್ನೂ ತೆಗೆದುಹಾಕಿದರು. ಅಂದರೆ ಪುಟ್ಟ ಇವತ್ತು ಒಪ್ಪಿಕೊಂಡು, ಐವತ್ತನೇ ವಯಸ್ಸಿನಲ್ಲಿ ಇನ್ನೊಂದು ಬೀಗರೂಟದಲ್ಲಿ ಎಡವಿದರೂ ಅದು ಎರಡನೆಯದೇ.

ಇಲ್ಲಿ ನಮ್ಮ ದೊಡ್ಡಪ್ಪನಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಹೆಲ್ಮೆಟ್ಟು, ಸಿಗ್ನಲ್ಲು, ಇಂಥ ದಂಡಗಳನ್ನು ರಸ್ತೆಯಲ್ಲೇ ಕಟ್ಟಿ ಹೋಗಬಹುದು. 185 ಆ ಪಟ್ಟಿಯಲ್ಲಿಲ್ಲ. ಕೋರ್ಟಿಗೆ ಹೋಗಲೇಬೇಕು. ಅಲ್ಲಿ ಕಟ್ಟುವ ದುಡ್ಡು ಬರೀ ಫೈನ್ ಅಲ್ಲ, ಅಪರಾಧಿ ಅಂತ ತೀರ್ಮಾನವಾದ ಮೇಲೆ ಕೊಟ್ಟ ಶಿಕ್ಷೆ. ಅದೇ ಕಾಯಿದೆಯ 20ನೇ ಕಲಮಿನಲ್ಲಿ ಇನ್ನೊಂದು ಮಾತಿದೆ: 185ರಲ್ಲಿ ಶಿಕ್ಷೆಯಾದರೆ ಕೋರ್ಟು ಕನಿಷ್ಠ ಆರು ತಿಂಗಳು ಗಾಡಿ ಓಡಿಸದಂತೆ ಲೈಸೆನ್ಸ್ ತಡೆಹಿಡಿಯಬೇಕು. ಹತ್ತು ಸಾವಿರದ ಮಾತು ಊರಿಗೆಲ್ಲ ಗೊತ್ತು. ಈ ಆರು ತಿಂಗಳ ಮಾತು ನಮ್ಮ ಸಭೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಮೇಷ್ಟ್ರ ಟಾರ್ಚು

ಪುಟ್ಟನಿಗೆ ವಕೀಲರನ್ನು ಹುಡುಕೋಣ ಅಂತ ನಾನೇ ಹೇಳಿದೆ. ಹೇಳಿದ ಮೇಲೆ ಎರಡು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಅದಕ್ಕೆ ಕಾರಣ ಮೇಷ್ಟ್ರು.

ನಮ್ಮೂರು ತುಮಕೂರು ಜಿಲ್ಲೆಯ ಕಡೆ ಒಂದು ಸಂತೆ ಊರು. ಅಪ್ಪನ ಗೆಳೆಯರೊಬ್ಬರು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಸಂಜೆ ಏಳಕ್ಕೆ ನಮ್ಮನೆಗೆ ಬಂದು ಕಾಫಿ ಕುಡಿದು, ಪೇಪರು ಓದಿ, ಎಂಟಕ್ಕೆ ಸೈಕಲ್ ಹತ್ತಿ ಹೋಗುತ್ತಿದ್ದರು. ಸೈಕಲ್‌ಗೆ ಡೈನಮೋ ಇರಲಿಲ್ಲ. ಎರಡು ಸೆಲ್ಲಿನ ಟಾರ್ಚನ್ನು ಹ್ಯಾಂಡಲ್‌ಗೆ ಟ್ಯೂಬಿನ ತುಂಡಿನಿಂದ ಕಟ್ಟಿಕೊಂಡಿದ್ದರು. 1994ರ ಕಾರ್ತಿಕ ಮಾಸ. ನಮ್ಮನೆಯಿಂದ ಹೊರಟು ಹತ್ತು ನಿಮಿಷವಾಗಿರಬೇಕು, ಕಾಯಿ ತುಂಬಿದ ಲಾರಿಯೊಂದು ಅವರ ಮೇಲೆ ಹೋಯಿತು. ಅಪ್ಪ ಓಡಿದರು. ಹಿಂದೆಯೇ ನಾನೂ ಓಡಿದೆ. ಯಾರೋ ನನ್ನನ್ನು ಹಿಡಿದು ನಿಲ್ಲಿಸಿದರು. ರಸ್ತೆ ಬದಿಯ ಚರಂಡಿಯಲ್ಲಿ ಟಾರ್ಚು ಇನ್ನೂ ಉರಿಯುತ್ತಿತ್ತು. ನನಗೆ ಸರಿಯಾಗಿ ನೆನಪಿರುವುದು ಅದು ಮತ್ತು ಡ್ರೈವರು. ಅವನು ಕಲ್ಲಿನ ಮೇಲೆ ಕೂತಿದ್ದ. ಎದ್ದು ನಿಲ್ಲೋಕೆ ಆಗುತ್ತಿರಲಿಲ್ಲ. ಸುತ್ತ ಸೇರಿದವರಿಗೆಲ್ಲ ವಾಸನೆ ಹೊಡೆಯುತ್ತಿತ್ತು.

ಅವನನ್ನು ಡಾಕ್ಟರ ಮುಂದೆ ನಿಲ್ಲಿಸುವ ಹೊತ್ತಿಗೆ ಬೆಳಗಾಗಿತ್ತು. ರಕ್ತ ತೆಗೆಯಲಿಲ್ಲ. ಚೀಟಿಯಲ್ಲಿ 'ಮದ್ಯದ ವಾಸನೆ ಇದೆ' ಅಂತ ಒಂದು ಸಾಲು. ಅಪ್ಪ ಸಾಕ್ಷಿ ಹೇಳಲು ಮೂರು ಸಲ ಕೋರ್ಟಿಗೆ ಅಲೆದರು. ಮೂರನೇ ಸಲ ಹೇಳಿಕೆ ಆಯಿತು. ಲಾರಿಯವನ ವಕೀಲರು ಬಹಳ ಮರ್ಯಾದೆಯಿಂದ ಕೇಳಿದರಂತೆ. ಅವನು ಕುಡಿಯೋದನ್ನ ನೀವು ಕಣ್ಣಾರೆ ನೋಡಿದ್ರಾ? ಇಲ್ಲ. ವಾಸನೆ ಬಂತು ಅಂತೀರಿ, ನಿಮಗೆ ಕುಡಿದು ಅಭ್ಯಾಸ ಇದೆಯಾ? ಇಲ್ಲ. ಹಾಗಾದ್ರೆ ಅದು ಯಾವುದರ ವಾಸನೆ ಅಂತ ಹೇಗೆ ಗೊತ್ತಾಯ್ತು? ಅಪ್ಪ ಸುಮ್ಮನಾದರಂತೆ. ಉಳಿದ ಇಬ್ಬರು ಸಾಕ್ಷಿಗಳು ತಿರುಗಿಬಿದ್ದರು. ಕೇಸು ಬಿದ್ದುಹೋಯಿತು. ಮನೆಗೆ ಬಂದ ಅಪ್ಪ ಜಗಲಿಯ ಮೇಲೆ ಚಪ್ಪಲಿ ಬಿಚ್ಚದೆ ಕೂತರು. "ಆ ವಕೀಲನ ಮೇಲೆ ನಂಗೆ ಸಿಟ್ಟಿಲ್ಲ ಕಣೋ. ಅವನು ಕೇಳಿದ್ದೆಲ್ಲ ಸರಿಯಾಗೇ ಇತ್ತು. ಅದೇ ಸಂಕಟ" ಅಂದರು.

ಮೇಷ್ಟ್ರ ಹೆಂಡತಿಗೆ ಪರಿಹಾರದ ದುಡ್ಡು ಬಂತು, ಅದು ಬೇರೆ ಕೇಸು. ಡ್ರೈವರು ಕುಡಿದಿದ್ದ ಅನ್ನುವ ನೆಪ ಹೇಳಿ ವಿಮಾ ಕಂಪನಿ ಸತ್ತವರ ಮನೆಯವರಿಗೆ ಕೊಡುವುದನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ. ಆರು ವರ್ಷ ಹಿಡಿಯಿತು, ಬಂತು. ಆದರೆ ನಾನು ಕುಡಿದಿದ್ದೆ ಅನ್ನುವ ಮಾತು ಮಾತ್ರ ಆ ಡ್ರೈವರಿನ ಬಾಯಲ್ಲಿ ಎಲ್ಲೂ ಬರಲಿಲ್ಲ. ಬರಬೇಕಾದ ಪ್ರಸಂಗವೇ ಬರಲಿಲ್ಲ.

ಈಗ ನಾನು ಅಂಥದೇ ಒಬ್ಬ ವಕೀಲರನ್ನು ಹುಡುಕಿಕೊಂಡು ಹೊರಟಿದ್ದೆ, ನಮ್ಮ ಹುಡುಗನಿಗೆ. ಇವನು ಯಾರ ಮೇಲೂ ಹತ್ತಿಸಿಲ್ಲ, ಅದು ದೊಡ್ಡ ವ್ಯತ್ಯಾಸ ಅಂತ ಸಮಾಧಾನ ಮಾಡಿಕೊಂಡೆ. ಆದರೆ ಯೋಚನೆ ಮಾಡಿದರೆ ಆ ವ್ಯತ್ಯಾಸದಲ್ಲಿ ಪುಟ್ಟನ ಪಾಲು ಏನೂ ಇಲ್ಲ. ಆ ಹೊತ್ತಿನಲ್ಲಿ ಆ ನಾಲ್ಕು ಕಿಲೋಮೀಟರಿನಲ್ಲಿ ಯಾರೂ ಸೈಕಲ್ಲಿನಲ್ಲಿ ಅಡ್ಡ ಬರಲಿಲ್ಲ, ಅಷ್ಟೇ.

ವಕೀಲರು ಅಂದರೆ ಏನು ಕೊಳ್ಳುತ್ತೇವೆ

ಮೊದಲ ದಿನ ಕೋರ್ಟು ಎಲ್ಲಿದೆ ಅಂತ ನೋಡಿಕೊಂಡು ಬರಲು ಹೋಗಿದ್ದೆವು. ಗೇಟಿನ ಹೊರಗೆ ಟೀ ಅಂಗಡಿ ಹತ್ತಿರ ಒಬ್ಬರು ತಾವಾಗಿಯೇ ಬಂದು, "ಡ್ರಂಕ್ ಅಂಡ್ ಡ್ರೈವಾ? ನಾನು ನೋಡ್ಕೋತೀನಿ. ಲೈಸೆನ್ಸಿಗೆ ಏನೂ ಆಗಲ್ಲ, ಗ್ಯಾರಂಟಿ" ಅಂದರು. ಬಿಳಿ ಶರ್ಟು ಇತ್ತು, ಕರಿ ಕೋಟು ಇರಲಿಲ್ಲ. ಪುಟ್ಟನ ಮುಖ ಅರಳಿತು. ನಾನು ಟೀ ದುಡ್ಡು ಕೊಟ್ಟು ಎಳೆದುಕೊಂಡು ಬಂದೆ. ನಮ್ಮ ದೇಶದಲ್ಲಿ ವಕೀಲರು ಜಾಹೀರಾತು ಕೊಡುವಂತಿಲ್ಲ, ಹೀಗೆ ಬಂದು ಕೇಸು ಕೇಳುವಂತೆಯೂ ಇಲ್ಲ. ಅದು ಬಾರ್ ಕೌನ್ಸಿಲ್ ನಿಯಮ. ಆ ನಿಯಮದಿಂದ ನಮ್ಮಂಥವರಿಗೆ ಒಂದು ಕಷ್ಟವೂ ಇದೆ: ಒಳ್ಳೆಯ ವಕೀಲರು ಯಾರು ಅಂತ ಬಾಯಿಂದ ಬಾಯಿಗೆ ಕೇಳಿಯೇ ತಿಳಿಯಬೇಕು. ಆದರೆ ತಾವಾಗಿ ಬಂದು ಗ್ಯಾರಂಟಿ ಕೊಡುವವರನ್ನು ಬಿಟ್ಟುಬಿಡಲು ಇಷ್ಟು ಸಾಕು. ಕೋರ್ಟಿನ ತೀರ್ಪಿಗೆ ಗ್ಯಾರಂಟಿ ಕೊಡಲು ವಕೀಲರೇನು ಮಿಕ್ಸಿ ಮಾರುವವರಾ?

ಕೊನೆಗೆ ಸಿಕ್ಕಿದ್ದು ನನ್ನ ಹೆಂಡತಿಯ ಸಹೋದ್ಯೋಗಿಯ ಅಕ್ಕ. ಕ್ರಿಮಿನಲ್ ಕೇಸು ನೋಡುವವರು. ಕಚೇರಿ ಒಂದು ಮಹಡಿಯ ಮೇಲೆ, ಕೆಳಗೆ ಜೆರಾಕ್ಸ್ ಅಂಗಡಿ. ಮೊದಲೇ ಫೀಸು ಹೇಳಿದರು, ಅದರಲ್ಲಿ ಏನೇನು ಸೇರಿದೆ ಅಂತಲೂ ಹೇಳಿದರು. ಕೋರ್ಟಿಗೆ ತಾವೇ ಬರುತ್ತಾರಾ, ಜೂನಿಯರ್ ಬರುತ್ತಾರಾ ಅಂತ ಕೇಳಿದೆ. "ನಾನೇ. ಅಕಸ್ಮಾತ್ ಹೈಕೋರ್ಟಲ್ಲಿ ಸಿಕ್ಕಿಹಾಕ್ಕೊಂಡ್ರೆ ಮೊದಲೇ ಫೋನ್ ಮಾಡ್ತೀನಿ" ಅಂದರು. ವಕಾಲತ್ತು ಹಾಳೆಗೆ ಸಹಿ ಹಾಕುವ ಮುಂಚೆ ಪೂರ್ತಿ ಓದಿಸಿದರು. ನನಗೆ ನಂಬಿಕೆ ಬಂದದ್ದು ಇಂಥ ಸಣ್ಣ ವಿಷಯಗಳಿಂದ.

ಆಮೇಲೆ ಪುಟ್ಟನ ಕಡೆ ತಿರುಗಿ, "ಕುಡಿದಿದ್ರಾ?" ಅಂದರು.

"ಸ್ವಲ್ಪ ಮೇಡಂ. ಅವರು ಬಲವಂತ ಮಾಡಿದ್ರು..."

"ಬಲವಂತ ಬಿಡಿ. ಕುಡಿದಿದ್ರಾ?"

"ಹೌದು."

ಅವರು ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ನಿಲ್ಲಿಸಿದ್ದು ಎಷ್ಟು ಗಂಟೆಗೆ, ಊದಿಸಿದ್ದು ಎಷ್ಟು ಗಂಟೆಗೆ? ಎಷ್ಟು ಸಲ? ಹೊಸ ಪೈಪು ಹಾಕಿದರಾ? ಚೀಟಿಯಲ್ಲಿ ಹೆಸರು, ಗಾಡಿ ನಂಬರು ಸರಿ ಇದೆಯಾ? ಠಾಣೆಯಲ್ಲಿ ಕೂರಿಸಿಕೊಂಡರಾ? ಅರೆಸ್ಟ್ ಮಾಡಿದ್ದರೆ ಎರಡು ಗಂಟೆಯೊಳಗೆ ವೈದ್ಯರ ಹತ್ತಿರ ಪರೀಕ್ಷೆ ಮಾಡಿಸಬೇಕು, ಇಲ್ಲವಾದರೆ ಬಿಡಬೇಕು ಅಂತ ಕಾಯಿದೆಯಲ್ಲೇ ಇದೆಯಂತೆ. ಜಾಮೀನು ಸಿಗುವ ಅಪರಾಧ ಇದು, ಕೇಳಿದರೆ ಕೊಡಲೇಬೇಕು. ಊದಲ್ಲ ಅಂತ ಹಟ ಹಿಡಿದವರ ಕಥೆ ಇನ್ನೂ ಕೆಡುತ್ತದೆ. ಅಲ್ಲೇ ಅರೆಸ್ಟ್ ಮಾಡಬಹುದು, ಸರಿಯಾದ ಕಾರಣ ಇಲ್ಲದಿದ್ದರೆ ಆ ನಿರಾಕರಣೆಯನ್ನೇ ಕೋರ್ಟು ಅವರ ವಿರುದ್ಧ ತೂಗಬಹುದು. ಇವೆಲ್ಲ ನನಗೆ ಗೊತ್ತಿರಲಿಲ್ಲ.

ನನ್ನ ತಲೆಯಲ್ಲಿ ಮೇಷ್ಟ್ರು ಇದ್ದರು. ಕೇಳಿಯೇಬಿಟ್ಟೆ. ಬರೀ ವಾಸನೆ ಅಂತ ಬರೆದಿದ್ದರೆ ಕೇಸು ನಿಲ್ಲಲ್ವಾ ಮೇಡಂ? ಅವರು 1971ರ ಸುಪ್ರೀಂ ಕೋರ್ಟ್ ತೀರ್ಪೊಂದನ್ನು ಹೇಳಿದರು, ಮಹಾರಾಷ್ಟ್ರದಿಂದ ಹೋದ ಕೇಸು. ಬಾಯಿ ವಾಸನೆ, ತೂರಾಟ, ತೊದಲು ಮಾತು, ಅಗಲಿದ ಕಣ್ಣುಪಾಪೆ, ಇಷ್ಟರಿಂದಲೇ ಕುಡಿದಿದ್ದ ಅಂತ ಹೇಳಲಾಗದು ಅಂತ ಅದರಲ್ಲಿದೆಯಂತೆ. ಅಪ್ಪನನ್ನು ಕೇಳಿದ ಪ್ರಶ್ನೆಗಳು ಎಲ್ಲಿಂದ ಬಂದಿದ್ದವು ಅಂತ ನನಗೆ ಮೂವತ್ತು ವರ್ಷದ ಮೇಲೆ ಗೊತ್ತಾಯಿತು. "ಆದರೆ ವಿಮೆ ವಿಷಯ ಬಂದರೆ ಲೆಕ್ಕ ಬೇರೆ" ಅಂದರು. 2007ರ ಡಿಸೆಂಬರ್‌ನಲ್ಲಿ ದೆಹಲಿಯ ಇಂಡಿಯಾ ಗೇಟ್ ಹತ್ತಿರ ಒಂದು ಪೋರ್ಶೆ ಕಾರು ಫುಟ್‌ಪಾತಿಗೆ ಗುದ್ದಿತ್ತು. ಊದಿಸಿದ ದಾಖಲೆ ಇರಲಿಲ್ಲ, ಡಾಕ್ಟರ ಚೀಟಿಯಲ್ಲಿ ವಾಸನೆ ಅಂತಿತ್ತು. ಅದೂ, ಗುದ್ದಿದ ರೀತಿಯೂ ಸೇರಿ ಸಾಕು, ವಿಮಾ ಕಂಪನಿ ಕಾರಿನ ದುಡ್ಡು ಕೊಡಬೇಕಾಗಿಲ್ಲ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ಒಂದು ಸಾಲು ಡ್ರೈವರನ್ನು ಜೈಲಿಗೆ ಕಳಿಸಲು ಸಾಲದು, ವಿಮೆ ತಪ್ಪಿಸಲು ಸಾಕು. ಜೈಲಿನ ಮಾತು ಬಂದಾಗ ಕೋರ್ಟು ಕೇಳುವ ಪುರಾವೆ ಹೆಚ್ಚು. ಅದು ಸರಿಯಾದ ನ್ಯಾಯವೇ. ಆದರೂ ಜಗಲಿಯ ಮೇಲೆ ಚಪ್ಪಲಿ ಹಾಕಿಕೊಂಡು ಕೂತ ಅಪ್ಪ ಕಣ್ಣ ಮುಂದೆ ಬಂದರು.

ಚೀಟಿಯಲ್ಲಿ ಮೇಡಂಗೆ ಹೇಳಿಕೊಳ್ಳುವಂಥ ತಪ್ಪೇನೂ ಸಿಗಲಿಲ್ಲ. "ನಿಮಗೆ ಎರಡು ದಾರಿ" ಅಂದರು. ಒಂದು, ಒಪ್ಪಲ್ಲ ಅನ್ನೋದು. ಆಗ ವಿಚಾರಣೆ ನಡೆಯುತ್ತದೆ, ಮಷೀನು ಸರಿಯಿತ್ತು ಅಂತ ಅವರು ತೋರಿಸಬೇಕು, ಪೊಲೀಸರನ್ನು ನಾವು ಪ್ರಶ್ನೆ ಕೇಳಬಹುದು. ತಿಂಗಳುಗಟ್ಟಲೆ ಅಲೆದಾಟ. ಇನ್ನೊಂದು, ಒಪ್ಪಿಕೊಂಡು, ಮೊದಲ ಸಲ, ಅಪಘಾತ ಆಗಿಲ್ಲ ಅಂತ ಹೇಳಿ ಶಿಕ್ಷೆ ಕಮ್ಮಿ ಕೇಳೋದು. 1958ರ ಪ್ರೊಬೇಷನ್ ಕಾಯಿದೆಯ ಕೆಳಗೆ, ಅಂದರೆ ಶಿಕ್ಷೆಯ ಬದಲು ಎಚ್ಚರಿಕೆ ಕೊಟ್ಟೋ ಒಳ್ಳೆ ನಡತೆಯ ಮುಚ್ಚಳಿಕೆ ಬರೆಸಿಕೊಂಡೋ, ಬಿಡಿ ಅಂತಲೂ ಕೇಳಬಹುದು, ಕೊಡುವುದು ಬಿಡುವುದು ಮ್ಯಾಜಿಸ್ಟ್ರೇಟರಿಗೆ ಸೇರಿದ್ದು. "ಆದರೆ ಒಪ್ಪಿಕೊಂಡ ಮೇಲೆ ನಾನು ತಪ್ಪೇ ಮಾಡಿಲ್ಲ ಅಂತ ಮೇಲಿನ ಕೋರ್ಟಿಗೆ ಹೋಗೋಕಾಗಲ್ಲ. ಶಿಕ್ಷೆ ಜಾಸ್ತಿಯಾಯ್ತು, ಕಾನೂನು ಪ್ರಕಾರ ಇಲ್ಲ ಅಂತ ಮಾತ್ರ ಹೋಗಬಹುದು. ಆ ಬಾಗಿಲು ಮುಚ್ಚುತ್ತೆ ಅಂತ ಗೊತ್ತಿಟ್ಟುಕೊಂಡು ಒಪ್ಕೊಳ್ಳಿ."

ಪುಟ್ಟ ಕೇಳಿದ, "ನೀವೇನ್ ಹೇಳ್ತೀರ ಮೇಡಂ?"

"ನೀವು ಕುಡಿದಿದ್ದೆ ಅಂತ ನನಗೆ ಹೇಳಿದ್ದೀರಿ. ಹಾಗಿದ್ದ ಮೇಲೆ ಕುಡಿದಿಲ್ಲ ಅಂತ ನಾನು ಕಥೆ ಕಟ್ಟಲ್ಲ. ಅವರು ಸಾಬೀತು ಮಾಡಲಿ ಅಂತ ಕೇಳಬಹುದು, ಅದು ನಿಮ್ಮ ಹಕ್ಕು. ಯೋಚನೆ ಮಾಡಿ ಬನ್ನಿ."

ಮೆಟ್ಟಿಲಿಳಿಯುವಾಗ ಅನಿಸಿತು. ವಕೀಲರೆಂದರೆ ಬಿಡಿಸಿಕೊಂಡು ಬರುವವರು ಅಂತ ನಾನು ತಿಳಿದಿದ್ದೆ, ಟೀ ಅಂಗಡಿಯ ಬಿಳಿ ಶರ್ಟಿನವರು ಮಾರುತ್ತಿದ್ದದ್ದೂ ಅದನ್ನೇ. ಈಕೆ ಮಾಡಿದ್ದು ಬೇರೆ ಕೆಲಸ. ಬಾಯಿ ಬಿಟ್ಟು ಹೇಳುವ ಒಂದು ಮಾತು ಎಲ್ಲೆಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ಹೇಳುವ ಮುಂಚೆ ತೋರಿಸಿದರು. ನಮ್ಮ ದೊಡ್ಡಪ್ಪ, ಮಾವ, ನಾನು ಯಾರೂ ಅದನ್ನು ಮಾಡಿರಲಿಲ್ಲ.

(ನಡುವೆ ಒಂದು ಮಾತು. 2017ರ ಜುಲೈಯಲ್ಲಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ ಕಡೆ ಬಾರುಗಳು ಬಾಗಿಲು ಹಾಕಿದ್ದು ನೆನಪಿದೆಯಾ? ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯ ಮಾರಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. ಕಾರಣ ಇದೇ, ಕುಡಿದು ಗಾಡಿ ಓಡಿಸುವುದು. ಆಗ ನಾವೆಲ್ಲ ರಸ್ತೆಯನ್ನು ಟೇಪು ಹಿಡಿದು ಅಳೆದೆವು, ಯಾವುದು ಹೆದ್ದಾರಿ ಯಾವುದು ಅಲ್ಲ ಅಂತ ಜಗಳ ಮಾಡಿದೆವು. ಕುಡಿದವನ ಕೈಯಿಂದ ಕೀಲಿ ಕಿತ್ತುಕೊಳ್ಳುವ ಮಾತು ಅಷ್ಟು ಜೋರಾಗಿ ಯಾರೂ ಆಡಿದ ನೆನಪಿಲ್ಲ. ತೆಂಗಿನ ತೋಟದಲ್ಲಿ ಅಳೆಯಲು ಟೇಪೂ ಇಲ್ಲ.)

ಕೋರ್ಟಿನ ದಿನ

ಪುಟ್ಟ ಒಪ್ಪಿಕೊಳ್ಳುವುದೆಂದು ತೀರ್ಮಾನ ಮಾಡಿದ. ಬೆಳಿಗ್ಗೆ ಹತ್ತೂವರೆಗೆ ಹೋದೆವು. ಬೆಂಚಿನ ಮೇಲೆ ಇಪ್ಪತ್ತು ಮೂವತ್ತು ಜನ, ಎಲ್ಲರ ಕೈಯಲ್ಲೂ ಅದೇ ನೋಟಿಸು. ಲ್ಯಾಪ್‌ಟಾಪ್ ಬ್ಯಾಗಿನವರು, ಕಾಲೇಜು ಹುಡುಗರು, ಖಾಕಿ ಶರ್ಟಿನವರು. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ದಂತವೈದ್ಯರ ಕ್ಲಿನಿಕ್ಕಿನ ಹಾಗೆ.

ಮೇಡಂ ಪುಟ್ಟನನ್ನು ಪಕ್ಕಕ್ಕೆ ಕರೆದು ಒಂದು ಮಾತು ಹೇಳಿದರು. "ಸಾಹೇಬರು ಕೇಳಿದಾಗ ಸುಮ್ನೆ ತಪ್ಪಾಯ್ತು ಸ್ವಾಮಿ ಅನ್ನಬೇಡಿ. ಎಲ್ಲರೂ ಅದನ್ನೇ ಅಂತಾರೆ, ಅದರಲ್ಲಿ ಏನೂ ಇಲ್ಲ. ಏನು ಮಾಡಿದ್ರೋ ಅದನ್ನ ಹೇಳಿ. ಆರೋಪಿ ಹೇಳಿದ್ದನ್ನ ಆದಷ್ಟು ಅವನದೇ ಮಾತಲ್ಲಿ ಬರೆದುಕೊಳ್ಳಬೇಕು ಅಂತ ಕಾನೂನಿದೆ."

ಸಾಲು ಬೇಗ ಬೇಗ ಸಾಗಿತು. ಹೆಸರು ಕೂಗು, ಒಂದು ಪ್ರಶ್ನೆ, ತಪ್ಪಾಯ್ತು ಸ್ವಾಮಿ, ದಂಡ, ಮುಂದಿನವರು. ನಮಗಿಂತ ಎರಡು ಹೆಸರು ಮುಂಚೆ ಒಬ್ಬ ಟಾಟಾ ಏಸ್ ಓಡಿಸುವವನು. ತರಕಾರಿ ಲೋಡು ಇಳಿಸಿ ಬರುವಾಗ ಸಿಕ್ಕಿಬಿದ್ದಿದ್ದನಂತೆ. ಅವನಿಗೆ ವಕೀಲರಿರಲಿಲ್ಲ. ಕೈಮುಗಿದು ತಪ್ಪಾಯ್ತು ಅಂದ, ಮುಗೀತು.

ಪುಟ್ಟನ ಸರದಿ ಬಂತು. ನಾನು ಹಿಂದೆ ನಿಂತಿದ್ದೆ, ಅವನ ಕಿವಿ ಕೆಂಪಗಾಗಿದ್ದು ಕಂಡಿತು. "ಮದ್ಯ ಕುಡಿದು ಕಾರು ಓಡಿಸ್ಕೊಂಡು ಬಂದೆ ಸಾರ್. ಓಡಿಸಬಾರದಿತ್ತು" ಅಂದ. ಮ್ಯಾಜಿಸ್ಟ್ರೇಟರು ತಲೆ ಎತ್ತಿ ಒಂದು ಸಲ ನೋಡಿದರು. ಮೇಡಂ ಎರಡು ನಿಮಿಷ ಮಾತಾಡಿದರು. 10,000 ದಂಡ, ಆರು ತಿಂಗಳು ಲೈಸೆನ್ಸ್ ಇಲ್ಲ. ಜೈಲಾಗಲಿಲ್ಲ, ಪ್ರೊಬೇಷನ್ನೂ ಸಿಗಲಿಲ್ಲ. ವಕೀಲರಿಲ್ಲದವರಿಗೂ ನಮ್ಮವನಿಗೂ ಕೊನೆಗೆ ಶಿಕ್ಷೆಯಲ್ಲಿ ವ್ಯತ್ಯಾಸವೇ ಆಗಲಿಲ್ಲ. ಇದನ್ನು ಹೇಳದಿದ್ದರೆ ಬರಹಕ್ಕೆ ಮೋಸ ಮಾಡಿದ ಹಾಗೆ.

ದುಡ್ಡು ಕಟ್ಟಿ ರಸೀತಿಗೆ ಕಾಯುವಾಗ ಟಾಟಾ ಏಸ್‌ನವನು ಪಕ್ಕಕ್ಕೆ ಬಂದ. "ಸಾರ್, ರಸೀತಿ ತೋರಿಸಿದ್ರೆ ಗಾಡಿ ಕೊಡ್ತಾರಲ್ವಾ? ಇವತ್ತು ರಾತ್ರಿ ಲೋಡಿದೆ."

"ಗಾಡಿ ಕೊಡ್ತಾರೆ. ಆದರೆ ನೀವು ಓಡಿಸೋ ಹಾಗಿಲ್ಲ" ಅಂದರು ಮೇಡಂ.

ಅವನಿಗೆ ಅರ್ಥವಾಗಲಿಲ್ಲ. ದಂಡ ಕಟ್ಟಾಯ್ತಲ್ಲ ಅಂದ. ಮೇಡಂ ನಿಧಾನವಾಗಿ ಹೇಳಿದರು. ಆರು ತಿಂಗಳು. ಅಷ್ಟರಲ್ಲಿ ಓಡಿಸಿ ಸಿಕ್ಕಿಬಿದ್ದರೆ ಮತ್ತೆ ಹತ್ತು ಸಾವಿರ, ಮೂರು ತಿಂಗಳವರೆಗೆ ಜೈಲೂ ಆಗಬಹುದು. ಅವನು ಬೆರಳ ಗೆಣ್ಣುಗಳ ಮೇಲೆ ತಿಂಗಳು ಎಣಿಸಿದ. ಎರಡು ಸಲ ಎಣಿಸಿದ. "ಗಾಡಿ ಕಂತು ಹೋಗ್ತಾ ಇರುತ್ತಲ್ಲ ಮೇಡಂ" ಅಂದ. ಪುಟ್ಟನಿಗೆ ಆ ಆರು ತಿಂಗಳು ಅಂದರೆ ಮೆಟ್ರೋ ಮತ್ತು ಹೆಂಡತಿಯ ಸ್ಕೂಟರಿನ ಹಿಂದಿನ ಸೀಟು. ಇವನಿಗೆ ಅನ್ನ. ಇಬ್ಬರಿಗೂ ಅದೇ ಕಲಮು, ಅದೇ ಹತ್ತು ಸಾವಿರ.

ಅವನಿಗೆ ಮೊದಲೇ ಯಾರಾದರೂ ಹೇಳಿದ್ದರೆ ಏನಾಗುತ್ತಿತ್ತು? ಬಹುಶಃ ಅದೇ ಶಿಕ್ಷೆ. ಆದರೆ ರಾತ್ರಿಯ ಲೋಡಿಗೆ ಬೇರೆ ಡ್ರೈವರನ್ನು ನೋಡಿಕೊಂಡಿರುತ್ತಿದ್ದ, ಕಂತಿನ ವಿಷಯ ಮೊದಲೇ ಮಾತಾಡಿರುತ್ತಿದ್ದ. ಫೀಸು ಕೊಡಲಾಗದವರಿಗೆ ಕಾನೂನು ಸೇವಾ ಪ್ರಾಧಿಕಾರ ಅಂತ ಇದೆ. ಆದಾಯ ಕಮ್ಮಿ ಇರುವವರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಪೊಲೀಸ್ ವಶದಲ್ಲಿರುವವರಿಗೆ ಪುಕ್ಕಟೆ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿದರಾಯಿತು. ಮೇಡಂ ಆ ನಂಬರನ್ನು ಅವನ ರಸೀತಿಯ ಹಿಂದೆ ಬರೆದುಕೊಟ್ಟರು. ಇದಕ್ಕೆ ತಡವಾಯಿತು, ಬೇರೆ ಯಾವುದಕ್ಕಾದರೂ ಬೇಕಾಗುತ್ತೆ ಇಟ್ಟುಕೊಳ್ಳಿ ಅಂದರು.

ಡಬ್ಬ

ನಾಲ್ಕು ತಿಂಗಳಾದ ಮೇಲೆ ಅಮೆರಿಕದ ವೀಸಾ ಅರ್ಜಿ ತುಂಬುವ ದಿನ ಬಂತು. ಅದರಲ್ಲಿ ನೇರವಾಗಿ ಕೇಳುತ್ತಾರೆ, ನಿಮ್ಮನ್ನು ಎಂದಾದರೂ ಬಂಧಿಸಿದ್ದಾರಾ, ಶಿಕ್ಷೆಯಾಗಿದೆಯಾ ಅಂತ. ಅಲ್ಲಿ ಇಲ್ಲ ಅಂತ ಹಾಕಿದರೆ ಅದೇ ಹೊಸ ಸುಳ್ಳು, ಮೊದಲ ತಪ್ಪಿಗಿಂತ ದುಬಾರಿ. ಹೌದು ಅಂದರೆ ವೈದ್ಯಕೀಯ ತಪಾಸಣೆಗೆ ಕಳಿಸಬಹುದು, ತಡವಾಗಬಹುದು. ಆಗಲೇ ಅಲ್ಲಿರುವ ನಮ್ಮವರ ಪಾಡು ಇನ್ನೂ ಕಷ್ಟ. ಕುಡಿದು ಓಡಿಸಿ ಅರೆಸ್ಟ್ ಆದರೆ ಸಾಕು, ಕೇಸು ತೀರ್ಮಾನವಾಗುವ ಮೊದಲೇ ವೀಸಾ ರದ್ದಾಗಬಹುದು. ಡೆಟ್ರಾಯಿಟ್‌ನಲ್ಲಿ ನದಿಯಾಚೆ ಕಾಣುವುದು ಕೆನಡಾದ ವಿಂಡ್ಸರ್. 2018ರ ಡಿಸೆಂಬರ್‌ನಿಂದ ಕೆನಡಾ ಕುಡಿದು ಓಡಿಸುವುದನ್ನು ಹತ್ತು ವರ್ಷದವರೆಗೆ ಶಿಕ್ಷೆಯ ಗಂಭೀರ ಅಪರಾಧವಾಗಿ ಮಾಡಿದೆ. ಅಂಥ ಕೇಸಿದ್ದವರನ್ನು ಗಡಿಯಲ್ಲೇ ವಾಪಸ್ ಕಳಿಸಬಹುದು. ನಯಾಗರವನ್ನು ಆ ಕಡೆಯಿಂದ ನೋಡುವ ಆಸೆಯನ್ನೂ ಪುಟ್ಟ ಸದ್ಯಕ್ಕೆ ಮಡಚಿಟ್ಟಿದ್ದಾನೆ.

ಆ ರಾತ್ರಿ ಮತ್ತೆ ಹತ್ತು ದಾಟಿದ ಮೇಲೆ ಫೋನ್. ಈ ಸಲ ನಾನು ಥಟ್ಟನೆ ಎತ್ತಿದೆ.

"ಅಣ್ಣ, ಹೌದು ಅಂತ ಹಾಕ್ದೆ. ಕೆಳಗೆ ಒಂದು ಡಬ್ಬ ಬಂತು, ವಿವರಿಸಿ ಅಂತ. ಬರ್ದಿದ್ದೀನಿ. ಓದ್ಲಾ?"

ಓದು ಅಂದೆ. ಇಂಗ್ಲಿಷಿನಲ್ಲಿ ಬರೆದಿದ್ದ. ಗೆಳೆಯನ ಮದುವೆ, ಮಧ್ಯಾಹ್ನದ ಊಟ, ಸಾಕು ಅಂದರೂ ಹಿರಿಯರು ಬಲವಂತ ಮಾಡಿದ್ದು, ನಮ್ಮ ಕಡೆ ಹಿರಿಯರ ಮಾತು ಮೀರಬಾರದೆಂಬ ಪದ್ಧತಿ, ಹೀಗೆ ಆರೇಳು ಸಾಲು. ಗಾಡಿ ಓಡಿಸಿದ ಮಾತು ಕೊನೆಯಲ್ಲಿತ್ತು.

"ಮದುಮಗನ ಮಾವನ್ನ ತೆಗಿ" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ ಒಂದೇ ಕೀಲಿಯನ್ನು ಟಕಟಕ ಒತ್ತುವ ಶಬ್ದ, ಬಹಳ ಹೊತ್ತು.